ಬ್ಯಾಕಪ್ ಇದೆ ಅಂತೀರಿ, ಒರಿಜಿನಲ್ ಎಲ್ಲಿದೆ?

ನಮ್ಮ ಅಂಗಡಿ ಎಸ್‌ಪಿ ರೋಡಿನ ಒಂದು ಗಲ್ಲಿಯಲ್ಲಿದೆ. ಕೆಟ್ಟ ಹಾರ್ಡ್ ಡಿಸ್ಕ್, ನೀರು ಕುಡಿದ ಲ್ಯಾಪ್‌ಟಾಪ್, ಕ್ಯಾಮೆರಾ ಗುರುತೇ ಹಿಡಿಯದ ಮೆಮೊರಿ ಕಾರ್ಡ್, ಇವುಗಳಿಂದ ಡೇಟಾ ತೆಗೆದುಕೊಡುವುದು ನನ್ನ ಕೆಲಸ. ಬಂದವರನ್ನೆಲ್ಲ ನಾನು ಮೊದಲು ಕೇಳುವುದು ಒಂದೇ: ಬ್ಯಾಕಪ್ ಇದೆಯಾ? ಹೆಚ್ಚಿನವರು ಇದೆ ಅಂತಾರೆ. ಇದ್ದಮೇಲೆ ನನ್ನ ಹತ್ತಿರ ಯಾಕೆ ಬಂದಿರಿ ಎಂದು ಪ್ರತಿ ಸಲವೂ ಬಾಯಿ ತುದಿಗೆ ಬರುತ್ತದೆ. ಕೇಳುವುದಿಲ್ಲ. ಹೊಟ್ಟೆಪಾಡು.

ಬಸವನಗುಡಿಯ ನಿವೃತ್ತ ಮೇಷ್ಟ್ರೊಬ್ಬರು ಪೋರ್ಟಬಲ್ ಹಾರ್ಡ್ ಡಿಸ್ಕೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದರು. ಮೊಮ್ಮಗ ವೈರು ಹಿಡಿದು ಎಳೆದಿದ್ದ, ಡಿಸ್ಕು ಮೇಜಿನಿಂದ ನೆಲಕ್ಕೆ ಬಿದ್ದಿತ್ತು.

"ಇದು ಬ್ಯಾಕಪ್ ಡಿಸ್ಕು ಕಣಪ್ಪ" ಅಂದರು.

"ಸರಿ ಸಾರ್. ಒರಿಜಿನಲ್ ಎಲ್ಲಿದೆ?"

"ಇದರಲ್ಲೇ ಇತ್ತಲ್ಲ."

"ಲ್ಯಾಪ್‌ಟಾಪಲ್ಲಿ?"

"ಅಲ್ಲಿ ಜಾಗ ಇರ್ಲಿಲ್ಲ. ಅದಕ್ಕೇ ಇದಕ್ಕೆ ಹಾಕಿ ಅಲ್ಲಿಂದ ಅಳಿಸಿಬಿಟ್ಟೆ."

ಈ ಮಾತುಕತೆ ನನ್ನ ಮೇಜಿನ ಮುಂದೆ ನಡೆಯುತ್ತಲೇ ಇರುತ್ತದೆ. ಬಡಾವಣೆ ಬದಲಾಗುತ್ತದೆ, ಬೀಳಿಸಿದವರು ಬದಲಾಗುತ್ತಾರೆ. ಮಾತು ಅದೇ. ಲ್ಯಾಪ್‌ಟಾಪ್ ತುಂಬಿತು, ಫೈಲುಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿದರು. ಡಿಸ್ಕಿನ ಡಬ್ಬಿಯ ಮೇಲೆ ಬ್ಯಾಕಪ್ ಅಂತ ಬರೆದಿತ್ತು, ನೆಮ್ಮದಿಯಾದರು. ಆದರೆ ಮೊದಲೂ ಒಂದೇ ಪ್ರತಿ ಇತ್ತು, ಈಗಲೂ ಒಂದೇ ಪ್ರತಿ. ಮೊದಲು ಅದು ಲ್ಯಾಪ್‌ಟಾಪಿನ ಒಳಗೆ ಭದ್ರವಾಗಿತ್ತು. ಈಗ ವೈರಿನ ತುದಿಯಲ್ಲಿ ನೇತಾಡುತ್ತಿದೆ. ಅಂದರೆ ಸ್ಥಿತಿ ಮೊದಲಿಗಿಂತ ಕೆಟ್ಟಿದೆ!

ಮೇಷ್ಟ್ರ ಡಿಸ್ಕಿನ ಹೆಡ್ ಹಾಳಾಗಿತ್ತು. ಇಂಥ ಡಿಸ್ಕಿನಲ್ಲಿ ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆಗಳಿರುತ್ತವೆ. ಓದುವ ಹೆಡ್ ಅದರ ಮೇಲೆ, ತಾಗದೆ, ನ್ಯಾನೋಮೀಟರುಗಳ ಲೆಕ್ಕದ ಅಂತರದಲ್ಲಿ ತೇಲುತ್ತಿರುತ್ತದೆ. ಓಡುತ್ತಿರುವಾಗ ಬಿದ್ದರೆ ಹೆಡ್ ಹೋಗಿ ತಟ್ಟೆಗೆ ಉಜ್ಜುತ್ತದೆ. ಹೆಡ್ ಬದಲಿಸಿ ಮುಕ್ಕಾಲು ಪಾಲು ಫೈಲು ತೆಗೆದೆವು. ಉಳಿದದ್ದು ಬರಲಿಲ್ಲ. ಆ ಬಿಲ್ಲಿನ ದುಡ್ಡಿಗೆ ಅಂಥ ಮೂರು ಹೊಸ ಡಿಸ್ಕ್ ಬರುತ್ತಿತ್ತು. ಮೇಷ್ಟ್ರು ಏನೂ ಅನ್ನದೆ ದುಡ್ಡು ಎಣಿಸಿಕೊಟ್ಟರು. ಬೈದಿದ್ದರೆ ನನಗೂ ಹಗುರಾಗುತ್ತಿತ್ತು.

ನಾನು ಜನರಿಗೆ ಹೇಳುವುದು ಇಷ್ಟು. ನಿಮ್ಮ ಹತ್ತಿರ ಎರಡು ಪ್ರತಿ ಇದೆ ಅಂದುಕೊಳ್ಳಿ. ಯಾವ ಒಂದು ಅವಘಡಕ್ಕೆ ಎರಡೂ ಒಟ್ಟಿಗೆ ಹೋಗಬಹುದು ಎಂದು ಯೋಚಿಸಿ. ಅಂಥ ಅವಘಡ ಹೊಳೆದರೆ, ಆ ಅವಘಡದ ಮಟ್ಟಿಗೆ ನಿಮ್ಮ ಹತ್ತಿರ ಇರುವುದು ಒಂದೇ ಪ್ರತಿ. ಕೇಳುವಾಗ ಎಲ್ಲರೂ ತಲೆ ಆಡಿಸುತ್ತಾರೆ. ಮನೆಗೆ ಹೋಗಿ ಮತ್ತೆ ಅದನ್ನೇ ಮಾಡುತ್ತಾರೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಲ್ಲಿ ಟ್ಯಾಲಿ ಲೆಕ್ಕದ ಬ್ಯಾಕಪ್ ಎಲ್ಲಿದೆ ಅಂತ ಕೇಳಿದರೆ "ಡಿ ಡ್ರೈವಲ್ಲಿದೆ" ಅಂತಾರೆ. ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗ ಒಂದೇ ಡಿಸ್ಕನ್ನು ಸಿ, ಡಿ, ಇ ಅಂತ ಮೂರು ಭಾಗ ಮಾಡಿರುತ್ತಾನೆ. ಇದು ಒಂದೇ ಸೈಟಿನಲ್ಲಿ ನಡುವೆ ಗೋಡೆ ಎಬ್ಬಿಸಿ ಎರಡು ಮನೆ ಮಾಡಿದ ಹಾಗೆ. ಬಾಗಿಲು ಬೇರೆ, ಪಾಯ ಒಂದೇ. ವಿಂಡೋಸ್ ಕೆಟ್ಟು ಸಿ ಡ್ರೈವ್ ಮಾತ್ರ ಒರೆಸಬೇಕಾದಾಗ ಡಿ ಡ್ರೈವ್ ಉಳಿಯುತ್ತದೆ, ಒಪ್ಪುತ್ತೇನೆ. ಡಿಸ್ಕೇ ಸತ್ತರೆ ಮೂರೂ ಸತ್ತವು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಬಂದರೂ ಅಷ್ಟೇ, ಅದು ಸಿ ಯಾವುದು ಡಿ ಯಾವುದು ಅಂತ ನೋಡುವುದಿಲ್ಲ.

ಮದುವೆ ಫೋಟೋ ತೆಗೆಯುವವರು ಇನ್ನೊಂದು ಹೆಜ್ಜೆ ಮುಂದೆ. ಎರಡು ಡಿಸ್ಕಿನ ನ್ಯಾಸ್ ಪೆಟ್ಟಿಗೆ, ಅಂದರೆ ನೆಟ್‌ವರ್ಕಿಗೆ ಜೋಡಿಸಿ ಎಲ್ಲ ಕಂಪ್ಯೂಟರುಗಳೂ ಬಳಸುವ ಡಿಸ್ಕ್ ಪೆಟ್ಟಿಗೆ, ಇಟ್ಟಿರುತ್ತಾರೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಆಗಲೇ ಬರೆಯುತ್ತದೆ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕಾಪಾಡುತ್ತದೆ, ಒಳ್ಳೆಯದೇ. ಆದರೆ ಸ್ಟುಡಿಯೋ ಹುಡುಗ ನಿದ್ದೆಗಣ್ಣಲ್ಲಿ ಧಾರೆಯ ಫೋಲ್ಡರ್ ಡಿಲೀಟ್ ಮಾಡಿದರೆ ಎರಡರಲ್ಲೂ ಅದೇ ಕ್ಷಣ ಡಿಲೀಟ್. ಆಮೇಲೆ ಹುಡುಗಿಯ ಅಪ್ಪನಿಗೆ ಏನು ಹೇಳುವುದು? ನನ್ನ ಮುಂದೆ ಕೂತು ಅತ್ತ ಫೋಟೋಗ್ರಾಫರ್‌ಗಳಿದ್ದಾರೆ.

2022ರ ಸೆಪ್ಟೆಂಬರ್ ಮಳೆ ನೆನಪಿರಬೇಕು. ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಮನೆಗಳೊಳಗೆ ನೀರು ನುಗ್ಗಿ, ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಆಗ ನಮ್ಮಲ್ಲಿಗೆ ಬಂದ ಲ್ಯಾಪ್‌ಟಾಪ್ ಬ್ಯಾಗುಗಳನ್ನು ಬಿಚ್ಚಿದರೆ ಒಂದು ಅರೆಯಲ್ಲಿ ಲ್ಯಾಪ್‌ಟಾಪ್, ಪಕ್ಕದ ಅರೆಯಲ್ಲಿ ಅದರ ಬ್ಯಾಕಪ್ ಡಿಸ್ಕ್. ಎರಡರಿಂದಲೂ ನೀರು ಸುರಿಯುತ್ತಿತ್ತು. ಮೆಜೆಸ್ಟಿಕ್ಕಿನಲ್ಲಿ ಬ್ಯಾಗ್ ಕಳೆದುಕೊಂಡವರ ಕಥೆಯೂ ಇದೇ, ಒಣಗಿದ ರೂಪದಲ್ಲಿ. ಇದು ಬರೀ ನಮ್ಮ ನಿಮ್ಮ ದಡ್ಡತನ ಅಂದುಕೊಳ್ಳಬೇಡಿ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಿಯಾನ್‌ನಲ್ಲಿ ಸರ್ಕಾರದ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಸರ್ಕಾರಿ ನೌಕರರ ಫೈಲುಗಳಿದ್ದ ಜಿ-ಡ್ರೈವ್ ಎಂಬ ವ್ಯವಸ್ಥೆಯ 858 ಟೆರಾಬೈಟ್ ಹೋಯಿತು. ತುಂಬಾ ದೊಡ್ಡದು ಅಂತ ಅದಕ್ಕೆ ಹೊರಗೆಲ್ಲೂ ಬ್ಯಾಕಪ್ ಇರಲಿಲ್ಲ.

ಈಗ ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಕಂಪನಿಯೊಂದರ ಡಿಸ್ಕಿನಲ್ಲಿ ಫೈಲು ಇಡುವ ವಿಚಾರ. ಇಲ್ಲೇ ಜಾಸ್ತಿ ಗೊಂದಲ.

ಫೋನ್ ತುಂಬಿದೆ, ಫೋಟೋ ಎಲ್ಲಾ ಹೇಗಿದ್ರೂ ಗೂಗಲ್‌ನಲ್ಲಿದೆಯಲ್ಲ ಅಂತ ಫೋನಿನಿಂದ ಅಳಿಸುತ್ತಾರೆ. ಗೂಗಲ್ ಫೋಟೋಸ್‌ನಲ್ಲಿ ಅಳಿಸುವುದಕ್ಕೆ ಎರಡು ದಾರಿ ಇದೆ. 'ಫ್ರೀ ಅಪ್ ಸ್ಪೇಸ್' ಒತ್ತಿದರೆ ಆಗಲೇ ಬ್ಯಾಕಪ್ ಆಗಿರುವ ಫೋಟೋಗಳು ಫೋನಿನಿಂದ ಮಾತ್ರ ಹೋಗುತ್ತವೆ. ಫೋಟೋ ಆರಿಸಿ ಕಸದ ಬುಟ್ಟಿ ಒತ್ತಿದರೆ ಫೋನಿನಿಂದಲೂ ಹೋಗುತ್ತದೆ, ಅಕೌಂಟಿನಿಂದಲೂ ಹೋಗುತ್ತದೆ. ಜನ ಒತ್ತುವುದು ಬುಟ್ಟಿಯನ್ನೇ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಬ್ಯಾಕಪ್ ಆಗಿದ್ದ ಫೋಟೋ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ. ಐಫೋನಿನವರು ಐಕ್ಲೌಡ್ ಫೋಟೋಸ್ ಹಾಕಿಕೊಂಡಿದ್ದರೆ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ, ವಾಪಸ್ ತರಲು 30 ದಿನ ಅವಕಾಶ. ಅದು ದಾಟಿದರೆ ನಾನಲ್ಲ, ನಮ್ಮಪ್ಪ ಬಂದರೂ ತೆಗೆಯಲು ಆಗುವುದಿಲ್ಲ. ಅಂದರೆ ಇಂಥ ಸೇವೆಗಳ ಮುಖ್ಯ ಕೆಲಸ ನಿಮ್ಮ ಫೋನು, ಟ್ಯಾಬು, ಕಂಪ್ಯೂಟರ್ ಎಲ್ಲವನ್ನೂ ಒಂದೇ ಥರ ಇಡುವುದು. ನಿಮ್ಮ ತಪ್ಪನ್ನೂ ಅವು ಅಷ್ಟೇ ನಿಷ್ಠೆಯಿಂದ ಎಲ್ಲ ಕಡೆಗೂ ತಲುಪಿಸುತ್ತವೆ.

ಸರಿ, ನೀವು ಜಾಣರು, 'ಫ್ರೀ ಅಪ್ ಸ್ಪೇಸ್' ಒತ್ತಿದಿರಿ. ಈಗ ಎಷ್ಟು ಪ್ರತಿ ಉಳಿಯಿತು? ಒಂದು. ಅದೂ ಪಾಸ್‌ವರ್ಡ್‌ನ ಹಿಂದೆ. ಮೇಷ್ಟ್ರು ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇಷ್ಟೇ, ಈ ಡಿಸ್ಕು ನಿಮ್ಮ ಮನೆಯಲ್ಲಿಲ್ಲ. ಕಂಪನಿಯ ಡಿಸ್ಕು ನಿಮ್ಮದರಷ್ಟು ಸುಲಭವಾಗಿ ಕೆಡುವುದಿಲ್ಲ ಎನ್ನುವುದು ನಿಜ. ಆದರೆ ಅಕೌಂಟ್ ಕೈತಪ್ಪುವುದು ಬಹಳ ಸುಲಭ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಅಕೌಂಟನ್ನು ಅದರೊಳಗಿನ ಫೋಟೋ ಸಮೇತ ಅಳಿಸಬಹುದು ಎಂಬುದು ಗೂಗಲ್ ನಿಯಮ, 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅವರ ಅಕೌಂಟಿನ ಬಗ್ಗೆ ದಯವಿಟ್ಟು ಈಗಲೇ ಯೋಚಿಸಿ. ಹದಿಮೂರನೇ ದಿನ ಕಳೆದಮೇಲೆ ಫೋನನ್ನು ಬೀರುವಿನಲ್ಲಿಟ್ಟು ಎಲ್ಲರೂ ಮರೆಯುತ್ತಾರೆ.

ವಿಜಯನಗರದ ಒಬ್ಬ ಅಮ್ಮ ಅಮೆರಿಕದಲ್ಲಿರುವ ಮಗಳ ಮಗುವಿನ ಫೋಟೋಗಳನ್ನೆಲ್ಲ ಹೀಗೇ ಬುಟ್ಟಿಗೆ ಹಾಕಿಕೊಂಡು ಬಂದಿದ್ದರು. 60 ದಿನ ಆಗಿರಲಿಲ್ಲ, ಟ್ರ್ಯಾಶ್ ತೆರೆದು ವಾಪಸ್ ತಂದೆ. ಎರಡು ನಿಮಿಷದ ಕೆಲಸ, ದುಡ್ಡು ತಗೊಳ್ಳಲಿಲ್ಲ. ಆದರೆ ಫೋನ್ ಯಾಕೆ ತುಂಬಿತ್ತು ಅಂತ ನೋಡಿದೆ. ಶುಭೋದಯ. ಗುಲಾಬಿ, ದೀಪ, ಸಾಯಿಬಾಬಾ, ಸೂರ್ಯ, ಮತ್ತೆ ಗುಲಾಬಿ. ಗೂಗಲ್ ಬಿಟ್ಟಿಯಾಗಿ ಕೊಡುವುದು 15 ಜಿಬಿ. ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್ ಬ್ಯಾಕಪ್ ಕೂಡ ಈಗ ಆ 15ರಲ್ಲೇ ಬರುತ್ತದೆ. ಅದು ತುಂಬಿದರೆ ಹೊಸ ಫೋಟೋ ಬ್ಯಾಕಪ್ ಆಗುವುದು ನಿಲ್ಲುತ್ತದೆ. ಫೋನು ಸೂಚನೆ ಕೊಡುತ್ತದೆ, ನಾವು ಅದನ್ನು ಬೆರಳಲ್ಲಿ ಪಕ್ಕಕ್ಕೆ ತಳ್ಳುತ್ತೇವೆ. "ಈ ಗುಲಾಬಿಗಳನ್ನ ಅಳಿಸ್ಲಾ ಅಮ್ಮ?" ಅಂದೆ. "ಬೇಡಪ್ಪ, ನಮ್ಮ ವಾರಗಿತ್ತಿ ಕಳಿಸಿದ್ದು, ನೋಡಿದ್ರೆ ಬೇಜಾರಾಗ್ತಾಳೆ" ಅಂದರು. ಅಳಿಸಿದ್ದು ವಾರಗಿತ್ತಿಗೆ ಹೇಗೆ ಗೊತ್ತಾಗುತ್ತದೆ ಅಂತ ನಾನು ಕೇಳಲಿಲ್ಲ.

"ಡಿಲೀಟ್ ಆಗಿದ್ದನ್ನ ತೆಗೆಯೋಕೆ ನೀವಿದ್ದೀರಲ್ಲ" ಅಂತ ಧೈರ್ಯವಾಗಿ ಇರುವವರೂ ಇದ್ದಾರೆ. ಹಾರ್ಡ್ ಡಿಸ್ಕ್ ಕಾಲದಲ್ಲಿ ಆ ಧೈರ್ಯಕ್ಕೆ ಅರ್ಥವಿತ್ತು. ಅಲ್ಲಿ ಡಿಲೀಟ್ ಮಾಡಿದರೆ ಫೈಲಿನ ವಿಳಾಸ ಮಾತ್ರ ಹೋಗುತ್ತದೆ. ಆ ಜಾಗದಲ್ಲಿ ಬೇರೆ ಏನಾದರೂ ಬರೆಯುವವರೆಗೆ ಫೈಲು ಅಲ್ಲೇ ಬಿದ್ದಿರುತ್ತದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಇರುವುದು ಎಸ್‌ಎಸ್‌ಡಿ, ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಬರೆದಿಡುವ ಡಿಸ್ಕು. ಅಲ್ಲಿ ಫೈಲು ಅಳಿಸಿದಾಗ ವಿಂಡೋಸ್ 'ಟ್ರಿಮ್' ಎಂಬ ಆದೇಶ ಕಳಿಸುತ್ತದೆ, ಎಸ್‌ಎಸ್‌ಡಿ ಆ ಜಾಗವನ್ನು ತಾನೇ ಒರೆಸಿ ಖಾಲಿ ಮಾಡಿಕೊಳ್ಳುತ್ತದೆ. ಇದು 2009ರ ವಿಂಡೋಸ್ 7ರಿಂದಲೇ ಇದೆ. ಫೋನಿನಲ್ಲಿ ಇನ್ನೂ ಕಷ್ಟ. ಆಂಡ್ರಾಯ್ಡ್ 10ರೊಂದಿಗೆ ಮತ್ತು ಆಮೇಲೆ ಬಂದ ಫೋನುಗಳಲ್ಲಿ ಫೈಲುಗಳು ಎನ್‌ಕ್ರಿಪ್ಟ್ ಆಗಿಯೇ, ಅಂದರೆ ಕೀ ಇಲ್ಲದೆ ಓದಲಾಗದ ಗೂಢಲಿಪಿಯಲ್ಲೇ, ಕೂತಿರುತ್ತವೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಅದರ ಕೀ ಹೋಗುತ್ತದೆ. ಚಿಪ್ ಬಿಚ್ಚಿ ಓದಿದರೂ ಸಿಗುವುದು ಅರ್ಥವಿಲ್ಲದ ಅಂಕಿಗಳು. ಯೂಟ್ಯೂಬ್ ನೋಡಿ ಇನ್‌ಸ್ಟಾಲ್ ಮಾಡುವ ರಿಕವರಿ ಆ್ಯಪ್‌ಗಳು ಎಷ್ಟೋ ಸಲ ಗ್ಯಾಲರಿಯ ಪುಟ್ಟ ಪುಟ್ಟ ಥಂಬ್‌ನೇಲ್ ಹೆಕ್ಕಿ ತೋರಿಸಿ ದುಡ್ಡು ಕೇಳುತ್ತವೆ. ಬರಲೇಬಾರದು ಅಂತಿಲ್ಲ, ಒಂದೊಂದು ಕೇಸು ಒಂದೊಂದು ಥರ. ಆದರೆ ಡಿಸ್ಕನ್ನು ನೋಡುವ ಮೊದಲೇ ನೂರಕ್ಕೆ ನೂರು ಗ್ಯಾರಂಟಿ ಕೊಡುವ ಅಂಗಡಿಯಿಂದ ಎದ್ದು ಬನ್ನಿ.

ಈಚೆಗೆ ಇನ್ನೊಂದು ತಲೆನೋವು. ವಿಂಡೋಸ್ 11ರ ಹೊಸ ಆವೃತ್ತಿಗಳನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. ಮದರ್‌ಬೋರ್ಡ್ ಬದಲಿಸಿದ ಮೇಲೆ ಆನ್ ಮಾಡಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ಆ ಅಕೌಂಟಿನಲ್ಲೇ ಇರುತ್ತದೆ. ಅಕೌಂಟ್ ಯಾವುದು? ಅಂಗಡಿ ಹುಡುಗ ಮಾಡಿಕೊಟ್ಟಿದ್ದ. ಪಾಸ್‌ವರ್ಡ್? ಹುಡುಗ ಕೆಲಸ ಬಿಟ್ಟ. ಲ್ಯಾಪ್‌ಟಾಪ್ ಕೊಂಡ ದಿನವೇ ಆ ಕೀಯನ್ನು ಕಾಗದದ ಮೇಲೆ ಬರೆದು ಎಲ್‌ಐಸಿ ಬಾಂಡ್ ಜೊತೆ ಇಡಿ.

ಹಾಗಾದರೆ ಮಾಡುವುದೇನು? ಫೋನಿನಲ್ಲಿ ಒಂದು ಪ್ರತಿ, ಕ್ಲೌಡಿನಲ್ಲಿ ಒಂದು, ಮನೆಯ ಡಿಸ್ಕಿನಲ್ಲಿ ಒಂದು. ಫೋನಿನಿಂದ ಅಳಿಸಬೇಕಾದರೆ ಉಳಿದ ಎರಡರಲ್ಲಿ ಇದೆಯಾ ಅಂತ ಕಣ್ಣಾರೆ ನೋಡಿ ಅಳಿಸಿ. ಡಿಸ್ಕನ್ನು ಕಾಪಿ ಮಾಡುವಾಗ ಮಾತ್ರ ಚುಚ್ಚಿ, ಮುಗಿದ ಮೇಲೆ ತೆಗೆದಿಡಿ. ಸಾಧ್ಯವಾದರೆ ಇನ್ನೊಂದು ಡಿಸ್ಕ್ ಕೊಂಡು ತಂಗಿ ಮನೆಯಲ್ಲೋ ಊರಲ್ಲೋ ಇಡಿ. ಹಾಸನಕ್ಕೆ, ತುಮಕೂರಿಗೆ ಹಬ್ಬಕ್ಕೆ ಹೋಗುತ್ತೀರಲ್ಲ, ಹೊಸದನ್ನು ಕೊಟ್ಟು ಹಳೆಯದನ್ನು ತನ್ನಿ. ನನ್ನ ಗಿರಾಕಿಯೊಬ್ಬರು ಆಯುಧಪೂಜೆ ದಿನ ಕಾಪಿ ಮಾಡುವ ಪದ್ಧತಿ ಇಟ್ಟುಕೊಂಡಿದ್ದಾರೆ. ಹೇಗೂ ಅವತ್ತು ಕಂಪ್ಯೂಟರ್ ನೆನಪಾಗುತ್ತದೆ ಅಲ್ವಾ. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಶಟ್‌ಡೌನ್ ಮಾಡಿ ಮಾಡಿ. ಪ್ರತಿ ವರ್ಷ ದಸರಾ ಮುಗಿದ ವಾರ ಯುಎಸ್‌ಬಿ ಸಂದಿಯಿಂದ ಕುಂಕುಮ ಕೆರೆಯುವುದು ನನ್ನ ಹುಡುಗರಿಗೆ ಒಂದು ಪ್ರತ್ಯೇಕ ಕೆಲಸ.

ಕಾಪಿ ಮಾಡಿದ ಮೇಲೆ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕಾರು ಫೈಲು ತೆರೆದು ನೋಡಿ. ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿ 2017ರ ಜನವರಿ 31ರಂದು ಎಂಜಿನಿಯರ್ ಒಬ್ಬರು ಮುಖ್ಯ ಡೇಟಾಬೇಸನ್ನೇ ಕೈತಪ್ಪಿ ಅಳಿಸಿದರು. ದಿನದಿನದ ಬ್ಯಾಕಪ್ ತೆರೆಯಲು ಹೋದರೆ ಅದು ನಡೆಯುತ್ತಲೇ ಇರಲಿಲ್ಲ. ತಪ್ಪಾಗಿದೆ ಎಂದು ಹೇಳುವ ಇಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ಯಾರೋ ತೆಗೆದಿಟ್ಟ ಪ್ರತಿಯೊಂದು ಸಿಕ್ಕಿದ್ದರಿಂದ ಬದುಕಿದರು. ಅಂಥವರಿಗೇ ಹಾಗಾದರೆ, ಮೂರು ವರ್ಷದಿಂದ ಬೀರುವಿನಲ್ಲಿರುವ ನಿಮ್ಮ ಪೆನ್ ಡ್ರೈವ್ ಬಗ್ಗೆ ನಾನು ಭರವಸೆ ಕೊಡಲಾರೆ.

ಇಷ್ಟಾದ ಮೇಲೂ ಡಿಸ್ಕ್ ಬಿದ್ದರೆ, ಟಕ್ ಟಕ್ ಅಂತ ಸದ್ದು ಮಾಡಿದರೆ, ತಕ್ಷಣ ವೈರ್ ಕಿತ್ತುಬಿಡಿ. ಇನ್ನೊಂದು ಸಲ ನೋಡೋಣ, ಪಕ್ಕದ ಮನೆಯವರ ಲ್ಯಾಪ್‌ಟಾಪಿಗೆ ಹಾಕಿ ನೋಡೋಣ ಅನ್ನಬೇಡಿ. ಪ್ರತಿ ಸಲ ಓಡಿಸಿದಾಗಲೂ ತಟ್ಟೆಗೆ ಇನ್ನಷ್ಟು ಗೀರು ಬೀಳಬಹುದು. ಫ್ರಿಜ್‌ನಲ್ಲಿಡಬೇಡಿ. ಒದ್ದೆಯಾಗಿದ್ದರೆ ಅಕ್ಕಿ ಡಬ್ಬಿಗೆ ಹಾಕಬೇಡಿ, ಅಕ್ಕಿಯ ಧೂಳು ಸೇರಿಕೊಂಡು ನಮಗೆ ಇನ್ನೊಂದು ಕೆಲಸ. ಬಟ್ಟೆಯಲ್ಲಿ ಸುತ್ತಿ, ಯಾವ ಫೋಲ್ಡರ್ ಮುಖ್ಯ ಅಂತ ಒಂದು ಚೀಟಿಯಲ್ಲಿ ಬರೆದು ತನ್ನಿ. ಭಾನುವಾರ ನಮ್ಮ ಗಲ್ಲಿ ಪೂರ್ತಿ ಬಾಗಿಲು ಹಾಕಿರುತ್ತದೆ, ಸೋಮವಾರ ಹತ್ತೂವರೆ ಮೇಲೆ ಬನ್ನಿ. ಅಲ್ಲಿವರೆಗೆ ಆ ಡಿಸ್ಕಿಗೆ ಕರೆಂಟ್ ಕೊಡಬೇಡಿ.