ಒಂದೇ ಒಂದು ತುತ್ತು

ಅಕ್ಕನ ಮಗಳಿಗೆ ಆಗ ಮೂರು ವರ್ಷ. ಒಂದರಿಂದ ಇಪ್ಪತ್ತರವರೆಗೆ ಗಡಗಡ ಹೇಳುತ್ತಿದ್ದಳು. ಮನೆಗೆ ಯಾರೇ ಬಂದರೂ ಈ ಪ್ರದರ್ಶನ ತಪ್ಪುತ್ತಿರಲಿಲ್ಲ. ಒಂದು ಸಂಜೆ ಕಡಲೆಕಾಯಿ ಬಿಡಿಸುತ್ತ ಕೂತಿದ್ದೆ. ಸುಮ್ನೆ ಕೇಳಿದೆ, "ಪುಟ್ಟಿ, ಮೂರು ಬೀಜ ಕೊಡು." ಮುಷ್ಟಿ ತುಂಬ ಬಾಚಿ ನನ್ನ ಕೈಗೆ ಸುರಿದಳು. "ಒಂದು ಕೊಡು" ಅಂದಾಗ ಮಾತ್ರ ಸರಿಯಾಗಿ ಒಂದೇ ಕೊಟ್ಟಳು.

ದಡ್ಡಿ ಏನಲ್ಲ. ಮಕ್ಕಳೆಲ್ಲ ಈ ದಾರಿಯಲ್ಲೇ ಬರುವುದು. ಕರೆನ್ ವಿನ್ ಎಂಬ ಮನೋವಿಜ್ಞಾನಿ 1990ರ ಸುಮಾರಿಗೆ ಅಮೆರಿಕದಲ್ಲಿ ಹೀಗೇ, ಆಟಿಕೆಗಳ ರಾಶಿಯ ಮುಂದೆ ಮಕ್ಕಳನ್ನು ಕೂರಿಸಿ "ಇಷ್ಟು ಕೊಡು" ಎಂದು ಕೇಳಿ ನೋಡಿದರು. ಮೊದಲು 'ಒಂದು' ಅರ್ಥವಾಗುತ್ತದೆ. ಎಷ್ಟೋ ತಿಂಗಳ ಮೇಲೆ 'ಎರಡು', ಆಮೇಲೆ 'ಮೂರು'. ಎಣಿಸುವಾಗ ಕೊನೆಗೆ ಹೇಳಿದ ಪದವೇ ಒಟ್ಟು ಲೆಕ್ಕ ಎಂದು ಹೊಳೆಯುವಾಗ ನಾಲ್ಕು ವರ್ಷ ಹತ್ತಿರ ಬಂದಿರುತ್ತದೆ. ಅಲ್ಲಿಯವರೆಗೆ ಅದು ಬರೀ ಹಾಡು.

ಯಾಕಿಷ್ಟು ಕಷ್ಟ? ಟೊಮೆಟೊ ತೋರಿಸಿ 'ಕೆಂಪು' ಅನ್ನಬಹುದು, ಪ್ರತಿ ಹಣ್ಣೂ ಕೆಂಪೇ. ಆದರೆ 'ಮೂರು' ಯಾವ ಹಣ್ಣಿನಲ್ಲಿದೆ? ಒಂದರಲ್ಲೂ ಇಲ್ಲ, ಗುಂಪಿನಲ್ಲಿದೆ. ಕೊನೆಯ ಹಣ್ಣು ಮುಟ್ಟಿ ನಾವು 'ಮೂರು' ಅಂದರೆ, ಅದು ಆ ಹಣ್ಣಿನ ಹೆಸರು ಎಂದು ಮಗು ತಿಳಿದರೆ ತಪ್ಪೇನು?

ಕನ್ನಡದ ಮಗುವಿಗೆ ಇನ್ನೂ ಒಂದು ತೊಡಕು. ಬೆಕ್ಕು ಎರಡು, ಮಾಮಂದಿರು ಇಬ್ಬರು. "ಎರಡು ಅಜ್ಜಿ ಬಂದ್ರು" ಅನ್ನುತ್ತಿದ್ದಳು ನಮ್ಮ ಪುಟ್ಟಿ. ಕಾಳು ಅಳೆಯುವ ಹಿರಿಯರಂತೂ 'ಒಂದು' ಎನ್ನದೆ 'ಲಾಭ' ಎಂದೇ ಶುರು ಮಾಡುತ್ತಿದ್ದರು! ನಾವೇನು ಕಮ್ಮಿಯೇ? 'ಎರಡೇ ನಿಮಿಷ' ಅಂತ ಅರ್ಧ ಗಂಟೆ ಕಾಯಿಸುತ್ತೇವೆ. 'ಒಂದೇ ಒಂದು ತುತ್ತು' ಅಂತ ಹತ್ತು ತುತ್ತು ತಿನ್ನಿಸುತ್ತೇವೆ.

ಮನೆಯ ಮಾತು ಎಷ್ಟು ಮುಖ್ಯ ಎಂಬುದನ್ನು ಷಿಕಾಗೊ ವಿಶ್ವವಿದ್ಯಾಲಯದ ಸೂಸನ್ ಲಿವೈನ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು. 44 ಮನೆಗಳಲ್ಲಿ, ಮಗುವಿಗೆ 14 ತಿಂಗಳಾದಾಗಿನಿಂದ 30 ತಿಂಗಳವರೆಗೆ, ಆಗಾಗ ಹೋಗಿ ವಿಡಿಯೊ ಮಾಡಿದರು. ಮನೆಗೆ ಒಟ್ಟು ಏಳೂವರೆ ಗಂಟೆ. ಅಷ್ಟರಲ್ಲಿ ಒಂದು ಮನೆಯವರ ಬಾಯಲ್ಲಿ ಬಂದ ಸಂಖ್ಯೆಯ ಪದಗಳು ಬರೀ 4, ಇನ್ನೊಂದು ಮನೆಯಲ್ಲಿ 257! ಜಾಸ್ತಿ ಕೇಳಿಸಿಕೊಂಡ ಮಕ್ಕಳು ನಾಲ್ಕರ ಹತ್ತಿರ ಬರುವಾಗ ಸಂಖ್ಯೆಯ ಅರ್ಥವನ್ನು ಚೆನ್ನಾಗಿ ಹಿಡಿದಿದ್ದರು. ಅದರಲ್ಲೂ ಕಣ್ಣೆದುರಿಗಿನ ವಸ್ತುಗಳನ್ನೇ ಎಣಿಸಿದ ಮಾತು ಹೆಚ್ಚು ಕೆಲಸಕ್ಕೆ ಬಂತು ಎಂದು ಮರುವರ್ಷ ಅದೇ ತಂಡ ಹೇಳಿತು.

ಇದಕ್ಕೆ ಬೇರೆ ಪಾಠ ಬೇಡ. ತಟ್ಟೆಗೆ ಇಡ್ಲಿ ಹಾಕಿ ಮೊದಲು "ಮೂರು ಇಡ್ಲಿ" ಅನ್ನಿ. ಕೂಡಲೇ ಒಂದೊಂದನ್ನೇ ಮುಟ್ಟಿ ಎಣಿಸಿ. ಒಟ್ಟು ಮತ್ತು ಎಣಿಕೆ ಅಕ್ಕಪಕ್ಕ ಬರಬೇಕು, ಗುಟ್ಟು ಇಷ್ಟೇ. ಚೆನ್ನೆಮಣೆ ಇದ್ದರೆ ಇನ್ನೂ ಸಲೀಸು, ಗುಳಿಗೆ ನಾಲ್ಕು ಕಾಳು ಹಾಕಲು ಮಗುವಿಗೇ ಬಿಡಿ.

ಅಕ್ಕನ ಮನೆಯಲ್ಲಿ ಏಳೆಂಟು ತಿಂಗಳು ಇಡ್ಲಿ, ಮೆಟ್ಟಿಲು, ಚಪ್ಪಲಿ ಎಲ್ಲದರ ಎಣಿಕೆಯೂ ನಡೆಯಿತು. ಒಂದು ರಾತ್ರಿ ಅಕ್ಕ ಎಂದಿನಂತೆ, "ಒಂದೇ ಒಂದು ತುತ್ತು ಕಂದಾ" ಅಂದಳು. ಪುಟ್ಟಿ ತಿಂದಳು. ಮುಂದಿನ ತುತ್ತು ಬಂತು. ಅಮ್ಮನ ಕೈಯನ್ನೇ ನೋಡಿದಳು. "ಇದು ಎರಡು" ಅಂದು ಬಾಯಿ ಮುಚ್ಚಿಕೊಂಡಳು.