ಘಾಟಿಯಲ್ಲಿ ಹೊತ್ತಿ ಆರುವ ಬ್ರೇಕ್ ದೀಪ

ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿಯುವಾಗ ಡ್ಯಾಶ್‌ಬೋರ್ಡಿನ ಕೆಂಪು ಬ್ರೇಕ್ ದೀಪ ಒಂದು ತಿರುವಿನಲ್ಲಿ ಹೊತ್ತಿ, ಕಾರು ನೇರವಾದೊಡನೆ ಆರಿ, ಮತ್ತೊಂದು ತಿರುವಿನಲ್ಲಿ ಪುನಃ ಕಾಣಿಸಿಕೊಳ್ಳುತ್ತದೆ. ಘಾಟಿ ಮುಗಿದು ರಸ್ತೆ ಸಮವಾದ ಮೇಲೆ ಅದರ ಸುಳಿವೇ ಇರುವುದಿಲ್ಲ. ವರ್ಕ್‌ಶಾಪಿಗೆ ಬರುವ ಹಲವರು ಬೇರಾವುದೋ ಕೆಲಸ ಹೇಳಿ ಮುಗಿಸಿದ ಮೇಲೆ, ಕೊನೆಯಲ್ಲಿ ಇದನ್ನು ನೆನಪಿಸಿಕೊಂಡು, "ಆಗಾಗ ಬಂದು ಹೋಗುತ್ತದೆ ಸರ್, ಬ್ರೇಕ್ ಮಾತ್ರ ಚೆನ್ನಾಗಿಯೇ ಹಿಡಿಯುತ್ತದೆ" ಎನ್ನುತ್ತಾರೆ. ದೀಪ ತಾನಾಗಿ ಆರಿದ್ದರಿಂದ ದೋಷವೂ ಸರಿಹೋಯಿತು ಎಂಬ ಈ ಎಣಿಕೆಯೇ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಹೆಚ್ಚು ಅಪಾಯಕರವಾದುದು. ಇಳಿಜಾರಿನಲ್ಲಿ ಮಾತ್ರ ಹೊತ್ತುವ ದೀಪಕ್ಕೆ ಬಹುತೇಕ ಸಂದರ್ಭಗಳಲ್ಲಿ ಸ್ಪಷ್ಟವಾದ ಕಾರಣವೊಂದಿರುತ್ತದೆ.

ವೃತ್ತದೊಳಗೆ ಉದ್ಗಾರ ಚಿಹ್ನೆ, ಅದರ ಎರಡು ಬದಿಗೆ ಆವರಣದಂತಹ ಕಮಾನುಗಳಿರುವ ಈ ಕೆಂಪು ದೀಪ ಒಂದೇ ಆದರೂ ಅದು ಹೇಳುವ ಸಂಗತಿಗಳು ಹಲವು. ಹ್ಯಾಂಡ್ ಬ್ರೇಕ್ ಎಳೆದಿದ್ದರೆ, ಅಥವಾ ಲಿವರ್ ಪೂರ್ತಿ ಕೆಳಗಿಳಿಯದಿದ್ದರೆ, ಅದು ಹೊತ್ತುತ್ತದೆ. ಬ್ರೇಕ್ ಆಯಿಲ್ ಕಡಿಮೆಯಾದಾಗಲೂ ಹೊತ್ತುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್ ಇರುವ ಕಾರುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಬ್ರೇಕಿನ ಬಲವನ್ನು ಹಂಚುವ ವ್ಯವಸ್ಥೆ ಕೆಟ್ಟಾಗಲೂ ಇದೇ ದೀಪ ಬರುತ್ತದೆ. ಕೀ ಆನ್ ಮಾಡಿದಾಗ ಉಳಿದ ದೀಪಗಳೊಂದಿಗೆ ಇದೂ ಹೊತ್ತಿ, ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೆ ಆರುವುದು ಸರಿಯಾದ ಕ್ರಮ. ಕೀ ಆನ್ ಮಾಡಿದರೂ, ಹ್ಯಾಂಡ್ ಬ್ರೇಕ್ ಎಳೆದರೂ ಹೊತ್ತದೇ ಇದ್ದರೆ ದೀಪವೇ ಸತ್ತಿದೆ ಎಂದರ್ಥ. ಹಳೆಯ ಕಾರು ಕೊಳ್ಳುವವರು ಇದನ್ನು ತಪ್ಪದೆ ನೋಡಬೇಕು, ಏಕೆಂದರೆ ದೋಷ ಸರಿಪಡಿಸುವುದಕ್ಕಿಂತ ದೀಪದ ಸಂಪರ್ಕ ತಪ್ಪಿಸುವುದು ಅಗ್ಗ ಎಂದುಕೊಳ್ಳುವ ಮಾರಾಟಗಾರರೂ ಇದ್ದಾರೆ.

ಘಾಟಿಯ ವಿಚಾರಕ್ಕೆ ಬರೋಣ. ಬಾನೆಟ್ ಎತ್ತಿದಾಗ ಸಾಮಾನ್ಯವಾಗಿ ಚಾಲಕನ ಬದಿಯಲ್ಲಿ, ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲ್ಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಮೇಲೆ, ಮ್ಯಾಕ್ಸ್ ಮತ್ತು ಮಿನ್ ಗೆರೆಗಳಿರುವ ಮಬ್ಬು ಬಿಳಿ ಡಬ್ಬಿಯೊಂದು ಕಾಣುತ್ತದೆ. ಅದರೊಳಗಿನ ಆಯಿಲ್ ಮೇಲೆ ತೇಲುವ ಬೆಂಡೊಂದು ಇರುತ್ತದೆ. ಆಯಿಲ್ ಮಿನ್ ಗೆರೆಯ ಆಸುಪಾಸಿಗೆ ಇಳಿದಾಗ ಬೆಂಡು ಕೆಳಗಿಳಿದು ಸ್ವಿಚ್ಚನ್ನು ಮುಟ್ಟಿಸಿ ದೀಪ ಹೊತ್ತಿಸುತ್ತದೆ. ಆಯಿಲ್ ಗೆರೆಗಿಂತ ತುಸುವೇ ಮೇಲಿದ್ದರೆ ಸಮತಟ್ಟಾದ ರಸ್ತೆಯಲ್ಲಿ ಏನೂ ತೋರದು. ಕಾರಿನ ಮೂತಿ ಕೆಳಗಾದಾಗ ಅಥವಾ ತಿರುವಿನಲ್ಲಿ ಕಾರು ಒಂದು ಬದಿಗೆ ಒಲೆದಾಗ ಮಾತ್ರ ದ್ರವ ಒಂದು ಮೂಲೆಗೆ ಸರಿದು ಬೆಂಡು ಕುಸಿಯುತ್ತದೆ. ವಿರಾಜಪೇಟೆಯಿಂದ ಮಾಕುಟ್ಟದ ಕಡೆಗೆ ಇಳಿಯುವವರಿಗೂ, ಭಾಗಮಂಡಲದಿಂದ ತಲಕಾವೇರಿಗೆ ಹತ್ತಿ ಮರಳುವವರಿಗೂ ಆಗುವ ಅನುಭವ ಇದೇ. ಬಯಲುಸೀಮೆಯ ಚಾಲಕನಿಗೆ ಎಷ್ಟೋ ವಾರಗಳ ನಂತರ ತಿಳಿಯಬಹುದಾದ ಸಂಗತಿಯನ್ನು ನಮ್ಮ ಇಳಿಜಾರುಗಳು ಮೊದಲೇ ತಿಳಿಸಿಬಿಡುತ್ತವೆ, ಕೇಳಿಸಿಕೊಂಡರೆ.

ಆಯಿಲ್ ಕಡಿಮೆಯಾದದ್ದು ಏಕೆ ಎಂಬುದು ಮುಂದಿನ ಪ್ರಶ್ನೆ. ಹೆಚ್ಚಿನ ತಪ್ಪುಗಳಾಗುವುದೂ ಇಲ್ಲಿಯೇ. ಬ್ರೇಕ್ ಆಯಿಲ್ ಎಂಜಿನ್ನಿನಲ್ಲಿ ಉರಿದುಹೋಗುವ ವಸ್ತುವಲ್ಲ, ಮುಚ್ಚಿದ ಕೊಳವೆಗಳೊಳಗೇ ಇರುವಂಥದ್ದು. ಡಿಸ್ಕ್ ಬ್ರೇಕಿನ ಪ್ಯಾಡುಗಳು ಸವೆದಂತೆ ಅವನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್‌ಗಳು ಮುಂದೆ ಸರಿಯುತ್ತವೆ, ಅವುಗಳ ಹಿಂದೆ ತೆರವಾದ ಜಾಗವನ್ನು ಆಯಿಲ್ ತುಂಬುತ್ತದೆ, ಡಬ್ಬಿಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ಇದು ಸೋರಿಕೆಯಲ್ಲ, ಪ್ಯಾಡ್ ಮುಗಿಯುತ್ತ ಬಂದಿದೆ ಎಂಬ ಸೂಚನೆ. ಪ್ಯಾಡಿನ ಉಜ್ಜುವ ಭಾಗ 3 ಮಿಲಿಮೀಟರಿನ ಸುತ್ತಮುತ್ತ ಉಳಿದಿದ್ದರೆ ಘಾಟಿ ಓಡಾಟದ ಕಾರಿನಲ್ಲಿ ಬದಲಿಸುವುದೇ ಲೇಸು. ಪ್ಯಾಡ್ ನೋಡದೆ ಅಂಗಡಿಯಿಂದ ಬಾಟಲಿ ತಂದು ಮ್ಯಾಕ್ಸ್ ಗೆರೆಯವರೆಗೆ ಸುರಿದರೆ ದೀಪ ಆರುತ್ತದೆ, ಸವೆದ ಪ್ಯಾಡ್ ಹಾಗೆಯೇ ಉಳಿಯುತ್ತದೆ. ಮುಂದೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಹೆಚ್ಚಾದ ಆಯಿಲ್ ಉಕ್ಕಿ ಬಣ್ಣ ಕಿತ್ತುಬರುತ್ತದೆ.

ಪ್ಯಾಡ್ ದಪ್ಪವಾಗಿಯೇ ಇದ್ದು ಆಯಿಲ್ ಮಾತ್ರ ಇಳಿದಿದ್ದರೆ ಸೋರಿಕೆಯನ್ನು ಹುಡುಕಲೇಬೇಕು. ಹಿಂದಿನ ಡ್ರಮ್ಮಿನೊಳಗಿನ ವೀಲ್ ಸಿಲಿಂಡರಿನಿಂದ ಸೋರಿದ್ದರೆ ಟೈರಿನ ಒಳಮೈಯಲ್ಲಿ ಒದ್ದೆ ಕಲೆ ಕಾಣುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದ ಮಳೆ, ತೋಟದ ರಸ್ತೆಯ ಕೆಸರು, ತೇವದ ಶೆಡ್ಡು ಇವುಗಳಿಂದಾಗಿ ಕಾರಿನ ಅಡಿಯ ಉಕ್ಕಿನ ಬ್ರೇಕ್ ಪೈಪುಗಳು ಕ್ಲಿಪ್ಪುಗಳ ಹಿಂದೆ ತುಕ್ಕು ಹಿಡಿಯುವುದು ಇಲ್ಲಿ ಹೊಸದೇನಲ್ಲ. ಕೆಸರು ತೊಳೆಯದೆ ಅದು ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ಸಂಗತಿ ಅನುಭವಿ ಮೆಕ್ಯಾನಿಕ್‌ಗಳ ಕಣ್ಣನ್ನೂ ಕೆಲವೊಮ್ಮೆ ತಪ್ಪಿಸುತ್ತದೆ: ಅನೇಕ ಕಾರುಗಳಲ್ಲಿ ಹೈಡ್ರಾಲಿಕ್ ಕ್ಲಚ್ಚಿಗೂ ಇದೇ ಡಬ್ಬಿಯಿಂದ ಆಯಿಲ್ ಹೋಗುವುದರಿಂದ, ಬ್ರೇಕಿನಲ್ಲಿ ಏನೂ ಸಿಗದಿದ್ದಾಗ ಕ್ಲಚ್ ಸಿಲಿಂಡರನ್ನು ನೋಡಬೇಕು.

ಇನ್ನು ಇಳಿಯುತ್ತಿರುವಾಗಲೇ ದೀಪ ಹೊತ್ತಿದರೆ. ಮೊದಲು ಹ್ಯಾಂಡ್ ಬ್ರೇಕ್ ಲಿವರನ್ನು ಕೈಯಿಂದ ಮುಟ್ಟಿ ನೋಡಿ, ನಂತರ ಪೆಡಲನ್ನು ಮೆಲ್ಲಗೆ ಒತ್ತಿ. ಪೆಡಲ್ ಎಂದಿನ ಎತ್ತರದಲ್ಲಿ ಗಟ್ಟಿಯಾಗಿ ನಿಂತರೆ ಗಾಬರಿಯಿಲ್ಲ. ಕೆಳಗಿನ ಗೇರಿನಲ್ಲಿ ನಿಧಾನವಾಗಿ ಸಾಗಿ, ತಿರುವಿಲ್ಲದ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಡಬ್ಬಿಯನ್ನು ಹೊರಗಿನಿಂದಲೇ ನೋಡಿ. ಪೆಡಲ್ ಎಂದಿಗಿಂತ ಆಳಕ್ಕೆ ಇಳಿದರೆ ಲೆಕ್ಕ ಬೇರೆ. ಇಂದಿನ ಕಾರುಗಳ ಬ್ರೇಕ್ ಎರಡು ಪ್ರತ್ಯೇಕ ಭಾಗಗಳಾಗಿ ಕೆಲಸ ಮಾಡುತ್ತದೆ. ಬಹಳಷ್ಟು ಕಾರುಗಳಲ್ಲಿ ಮುಂದಿನ ಎಡಚಕ್ರದೊಂದಿಗೆ ಹಿಂದಿನ ಬಲಚಕ್ರ, ಮುಂದಿನ ಬಲಚಕ್ರದೊಂದಿಗೆ ಹಿಂದಿನ ಎಡಚಕ್ರ ಎಂದು ಜೋಡಿಸಿರುತ್ತಾರೆ. ಒಂದು ಭಾಗ ಸೋರಿದರೂ ಇನ್ನೊಂದು ಹಿಡಿಯುತ್ತದೆ, ಆದರೆ ಬಲ ಬಹಳ ಕುಗ್ಗುತ್ತದೆ. ಅಂಥ ಕಾರನ್ನು ಹೇಗಾದರೂ ಊರಿನವರೆಗೆ ಇಳಿಸೋಣ ಎಂದು ಹೊರಡದೆ, ನಿಲ್ಲಿಸಿ, ಎಳೆದೊಯ್ಯುವ ವಾಹನ ಕರೆಸಬೇಕು.

ಪೆಡಲ್ ಪೂರ್ತಿ ಕುಸಿದರೆ ಅದನ್ನು ಬೇಗ ಬೇಗ ಒತ್ತಿ ಬಿಡಬೇಕು, ಗೇರನ್ನು ಒಂದೊಂದಾಗಿ ಇಳಿಸಬೇಕು, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದೇ ಲಿವರನ್ನು ಹಂತ ಹಂತವಾಗಿ ಎಳೆಯಬೇಕು. ಒಮ್ಮೆಲೇ ಎಳೆದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರಗಳು ಜಾರುತ್ತವೆ. ಸ್ವಿಚ್ ರೂಪದ ಹ್ಯಾಂಡ್ ಬ್ರೇಕ್ ಇರುವ ಕಾರುಗಳಲ್ಲಿ ಅದನ್ನು ಎಳೆದು ಹಿಡಿದೇ ಇರಬೇಕು. ಯಾವ ಕಾರಣಕ್ಕೂ ನ್ಯೂಟ್ರಲ್ ಮಾಡಬಾರದು, ಎಂಜಿನ್ ಆರಿಸಬಾರದು: ಆರಿಸಿದರೆ ಪೆಡಲ್ಲಿಗೆ ನೆರವಾಗುವ ಬೂಸ್ಟರಿನ ಶಕ್ತಿ ಎರಡು ಮೂರು ಒತ್ತುಗಳಲ್ಲಿ ಮುಗಿದುಹೋಗುತ್ತದೆ, ಸ್ಟೀರಿಂಗ್ ಕೂಡ ಭಾರವಾಗುತ್ತದೆ. ಏನೂ ನಡೆಯದಾಗ ಕಣಿವೆಯ ಬದಿಯನ್ನು ಬಿಟ್ಟು ಗುಡ್ಡದ ಬದಿಯ ಮಣ್ಣಿನ ಬರೆಗೆ ಕಾರಿನ ಪಕ್ಕವನ್ನು ಒರೆಸಿ ವೇಗ ಮುರಿಯುವುದೇ ಉಳಿದ ದಾರಿ.

ಹಳದಿ ಬಣ್ಣದ ಎಬಿಎಸ್ ದೀಪ ಇಷ್ಟು ತುರ್ತಿನದಲ್ಲ. ಅದೊಂದೇ ಹೊತ್ತಿದ್ದರೆ ಮಾಮೂಲಿ ಬ್ರೇಕ್ ಇರುತ್ತದೆ, ಜೋರಾಗಿ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಸೌಲಭ್ಯ ಮಾತ್ರ ಇರುವುದಿಲ್ಲ. ಚಕ್ರದ ಬಳಿಯ ಸೆನ್ಸರಿಗೆ ಕೆಸರು ಮೆತ್ತಿಕೊಂಡಿರುವುದು, ವೈರನ್ನು ಇಲಿ ಕಡಿದಿರುವುದು ಇಲ್ಲಿ ಸಾಮಾನ್ಯ. ತೋಟದ ಶೆಡ್ಡಿನಲ್ಲಿ ನಿಂತ ಕಾರಿಗೆ ಎರಡನೆಯದೇ ಹೆಚ್ಚು. ಹಳದಿ ಮತ್ತು ಕೆಂಪು ಎರಡೂ ಒಟ್ಟಿಗೆ ಹೊತ್ತಿದರೆ ಬಲ ಹಂಚುವ ವ್ಯವಸ್ಥೆಯೂ ಕೈಕೊಟ್ಟಿರಬಹುದು, ಜೋರು ಬ್ರೇಕಿಗೆ ಹಿಂದಿನ ಚಕ್ರಗಳು ಮೊದಲು ಸಿಕ್ಕಿಕೊಂಡು ಕಾರು ತಿರುಗಬಹುದು. ಮಳೆಯಲ್ಲಿ ಹಾಗೆ ಘಾಟಿ ಇಳಿಯಬೇಡಿ.

ದೀಪ ಹೇಳದ ದೋಷವೂ ಒಂದಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ, ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ ಈ ಅಂಕಿಗಳು 205 ಮತ್ತು 140. ಇಳಿಜಾರಿನ ಉದ್ದಕ್ಕೂ ಪೆಡಲ್ ಮೇಲೆ ಕಾಲಿಟ್ಟೇ ಇಳಿದರೆ ಕ್ಯಾಲಿಪರಿನ ಬಳಿ ಅಷ್ಟು ಬಿಸಿ ಏರುವುದು ಕಷ್ಟವಲ್ಲ. ಆಯಿಲ್ ಕುದಿದು ಆವಿಯಾದಾಗ ಡಬ್ಬಿಯಲ್ಲಿ ಮಟ್ಟ ಇಳಿಯುವುದಿಲ್ಲ, ದೀಪವೂ ಹೊತ್ತುವುದಿಲ್ಲ, ಪೆಡಲ್ ಮಾತ್ರ ಮೆತ್ತಗಾಗಿ ಒಳಹೋಗುತ್ತದೆ. ಹತ್ತುವಾಗ ಹಾಕುವ ಗೇರಿನಲ್ಲೇ ಇಳಿಯುವ ಹಳೆಯ ಲಾರಿ ಚಾಲಕರ ಪದ್ಧತಿ ಈ ಕಾರಣಕ್ಕೇ ಸರಿಯಾದುದು. ಕಿಲೋಮೀಟರ್ ಎಷ್ಟೇ ಕಡಿಮೆ ಓಡಿರಲಿ, 2 ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಬೇಕು. ನಮ್ಮ ಹವೆಯಲ್ಲಿ ಮಳೆಗಾಲ ಮುಗಿದ ಮೇಲೆ ಮಾಡಿಸುವುದು ಅನುಕೂಲ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯನ್ನೇ, ಸೀಲ್ ಒಡೆಯದ ಬಾಟಲಿಯಿಂದ ಹಾಕಿಸಿ. ಎಂಜಿನ್ ಆಯಿಲ್ ತಪ್ಪಿ ಬಿದ್ದರೂ ಒಳಗಿನ ರಬ್ಬರ್ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ.

ರಿಪೇರಿಯಾದ ಕಾರನ್ನು ಹೊರಗೆ ತೆಗೆಯುವ ಮೊದಲು ಎಂಜಿನ್ ಚಾಲೂ ಇಟ್ಟು, ಪೆಡಲನ್ನು ಒಂದೇ ಸಮನೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅದು ಒತ್ತಿದ ಜಾಗದಲ್ಲೇ ನಿಲ್ಲಬೇಕು. ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಉಳಿದಿದೆ, ಮತ್ತೊಮ್ಮೆ ಏರ್ ತೆಗೆಸಬೇಕು. ಹೊರಗೆಲ್ಲೂ ಸೋರಿಕೆ ಇಲ್ಲದೆ ನಿಧಾನವಾಗಿ ಕೆಳಗಿಳಿಯುತ್ತ ಹೋದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿದೆ, ದೀಪ ಆರಿದ್ದರೂ ಕಾರನ್ನು ಅಲ್ಲಿಯೇ ಬಿಟ್ಟುಬನ್ನಿ.