ಇನ್ನೊಂದು ಬಾಟ್ಲಿ ಬೇಕಾ ಅಂತ ಬೆರಳು ಹೇಳುತ್ತೆ

ನಂಜು ರಕ್ತಕ್ಕೇರಿ ಬಿಪಿ ಬಿದ್ದಿರೋ ಪೇಷಂಟನ್ನ ಕ್ಯಾಜುವಾಲ್ಟಿಗೆ ತಂದಾಗ ಜೊತೇಲಿ ಬಂದೋರು ಮೊದ್ಲು ಹೇಳೋದು "ಸಾರ್, ಬಾಟ್ಲಿ ಏರಿಸ್ರಿ" ಅಂತ. ಜಗಳೂರು, ಹೊಳಲ್ಕೆರೆ, ಚನ್ನಗಿರಿ ಕಡೆಯಿಂದ ದಾವಣಗೆರೆಗೆ ಬರೋ ಎಷ್ಟೋ ಜನಕ್ಕೆ ಊರಲ್ಲೇ ಎರಡು ಮೂರು ಬಾಟ್ಲಿ ಏರಿರುತ್ತೆ, ಆದ್ರೆ ಚೀಟಿಲಿ ಬರೆದಿರಲ್ಲ.

ಅವರು ಕೇಳೋದ್ರಲ್ಲಿ ತಪ್ಪಿಲ್ಲ. ಹೀಗೆ ನಂಜಿಂದ ಬಿಪಿ ಬಿದ್ದು ಸೆಪ್ಸಿಸ್ ಶಾಕ್ ಆದಾಗ ಸಲೈನ್ ಬೇಕೇ ಬೇಕು, 2021ರ ಅಂತರರಾಷ್ಟ್ರೀಯ ಗೈಡ್‌ಲೈನ್ ಪ್ರಕಾರ ಮೊದಲ 3 ಗಂಟೇಲಿ ಕೆಜಿಗೆ 30 ಎಂಎಲ್, ಅಂದ್ರೆ 60 ಕೆಜಿ ತೂಕದೋರಿಗೆ 1800 ಎಂಎಲ್, ಅರ್ಧ ಲೀಟರ್ ಬಾಟ್ಲಿ ಆದ್ರೆ ನಾಲ್ಕಕ್ಕೆ ಸ್ವಲ್ಪ ಕಮ್ಮಿ. ಕಷ್ಟ ಇರೋದು ಅದಾದ್ಮೇಲೆ. ನಂಜಿಗೆ ರಕ್ತನಾಳ ಸಡಿಲ ಆಗಿ ಸೋರ್ತಾ ಇರುತ್ತೆ, ಹಾಕಿದ್ದೆಲ್ಲ ಒಳಗೆ ನಿಲ್ಲಲ್ಲ, ಶ್ವಾಸಕೋಶದಲ್ಲಿ ನೀರು ತುಂಬಿ ಬಿಪಿ ಜೊತೆಗೆ ಉಸಿರಾಟದ್ದೂ ತೊಂದರೆ ಶುರುವಾಗುತ್ತೆ. 2011ರಲ್ಲಿ ಕೀನ್ಯಾ, ಉಗಾಂಡ, ಟಾಂಜಾನಿಯಾದಲ್ಲಿ ಜ್ವರದಿಂದ ರಕ್ತಸಂಚಾರ ಕುಗ್ಗಿದ್ದ 3 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಸ್ಟಡಿ ಆಯ್ತು, ಬೇಗ ಬೇಗ ಫ್ಲೂಯಿಡ್ ಕೊಟ್ಟ ಮಕ್ಕಳಲ್ಲಿ 48 ಗಂಟೇಲಿ ಸುಮಾರು 10.5% ಸಾವು, ಹಾಗೆ ಕೊಡದೇ ಇದ್ದೋರಲ್ಲಿ 7.3%. ಓದಿದವರಿಗೆಲ್ಲ ಎದೆ ಝಲ್ ಅಂದಿತ್ತು. (ವಾಂತಿ ಭೇದಿ ಆಗಿರೋ ಮಕ್ಕಳನ್ನ ಆ ಸ್ಟಡಿಗೆ ಸೇರಿಸಿರಲಿಲ್ಲ, ಅವರಿಗೆ ಫ್ಲೂಯಿಡ್ ನಿಲ್ಲಿಸ್ಬೇಡಿ.) ದೊಡ್ಡೋರಲ್ಲಿ, 2023ರಲ್ಲಿ ಅಮೆರಿಕದ 1563 ಜನರ ಸ್ಟಡಿಲಿ, ಶುರುವಿನ ಫ್ಲೂಯಿಡ್ ಆದ್ಮೇಲೆ ಕಮ್ಮಿ ಕೊಟ್ಟು ಬಿಪಿ ಏರಿಸೋ ಔಷಧಿ ಬೇಗ ಶುರು ಮಾಡಿದ್ರೂ, ಜಾಸ್ತಿ ಫ್ಲೂಯಿಡ್ ಕೊಟ್ರೂ ಸಾವಿನ ಪ್ರಮಾಣ ಹೆಚ್ಚುಕಮ್ಮಿ ಒಂದೇ.

ಹಾಗಾದ್ರೆ ಯಾರಿಗೆ ನಿಲ್ಲಿಸ್ಬೇಕು ಯಾರಿಗೆ ಮುಂದುವರಿಸ್ಬೇಕು? ನಂಗೆ ತುಂಬಾ ಮುಖ್ಯ ಅನ್ಸೋದು ಲ್ಯಾಟಿನ್ ಅಮೆರಿಕದಿಂದ 2019ರಲ್ಲಿ ಬಂದ 424 ಜನರ ಸ್ಟಡಿ. ಅರ್ಧ ಜನಕ್ಕೆ ರಕ್ತದ ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಿದ್ರೆ ಏರೋ ಅಂಶ) ನೋಡಿ ಟ್ರೀಟ್‌ಮೆಂಟು, ಉಳಿದೋರಿಗೆ ಬರೀ ಬೆರಳು ನೋಡಿ, ಅಂದ್ರೆ ಒತ್ತಿ ಬಿಟ್ಟ ಬೆರಳಿಗೆ ಬಣ್ಣ ಎಷ್ಟು ಬೇಗ ವಾಪಸ್ ಬರುತ್ತೆ ಅಂತ ನೋಡಿ. ಬೆರಳಿನ ಗುಂಪಲ್ಲಿ 28 ದಿನದೊಳಗೆ ಸತ್ತೋರು 34.9%, ಲ್ಯಾಕ್ಟೇಟ್ ಗುಂಪಲ್ಲಿ 43.4%. ಈ ವ್ಯತ್ಯಾಸ ಆಕಸ್ಮಿಕ ಅಲ್ಲ ಅನ್ನೋಕೆ ಬೇಕಾದ ಸಂಖ್ಯಾಶಾಸ್ತ್ರದ ಗೆರೆ ಸ್ವಲ್ಪದರಲ್ಲಿ ತಪ್ಪಿತು, ಹಾಗಾಗಿ ಗೆದ್ದಿತು ಅನ್ನಂಗಿಲ್ಲ, ಆದ್ರೆ ಸೋಲಂತೂ ಇಲ್ಲ, ಮೇಲಾಗಿ ಫ್ಲೂಯಿಡೂ ಕಮ್ಮಿ ಹೋಗಿತ್ತು. 2025ರಲ್ಲಿ ಇದರ ಮುಂದುವರಿದ ದೊಡ್ಡ ಸ್ಟಡಿ ಬಂತು, ಸಾವು ಕಮ್ಮಿ ಆಗ್ಲಿಲ್ಲ, ಆದ್ರೆ ಬೆರಳು ನೋಡಿ ಟ್ರೀಟ್‌ಮೆಂಟ್ ನಡೆಸಿದೋರಿಗೆ ಉಸಿರಾಟದಂಥ ಮೆಷಿನ್ನು, ಬಿಪಿ ಏರಿಸೋ ಔಷಧಿಗಳ ಆಸರೆ ಬೇಗ ಬಿಡ್ತು.

ಮಾಡೋದು ಸುಲಭ. ಬಲಗೈ ತೋರುಬೆರಳಿನ ತುದಿನ ಗಾಜಿನ ಸ್ಲೈಡಿಂದ ಬಿಳಿಚೋವರೆಗೂ ಒತ್ತಿ, 10 ಸೆಕೆಂಡ್ ಹಿಡಿದು ಬಿಡ್ಬೇಕು, ಬಣ್ಣ ವಾಪಸ್ ಬರೋಕೆ 3 ಸೆಕೆಂಡಿಗಿಂತ ಜಾಸ್ತಿ ಆದ್ರೆ ರಕ್ತ ಇನ್ನೂ ಸರಿಯಾಗಿ ಮುಟ್ಟಿಲ್ಲ ಅಂತ. ಮೊದಲ ಗಂಟೆಗಳಲ್ಲಿ ಅರ್ಧ ಗಂಟೆಗೊಮ್ಮೆ ನೋಡ್ತಿರಬೇಕು, ಎಣಿಸೋಕೆ ವಾಚು ಬೇಕು, ಅಂದಾಜು ಬೇಡ. ಎಸಿ ರೂಮಲ್ಲಿ ಕೈ ತಣ್ಣಗಾಗಿದ್ರೆ, ಬೆಳಕು ಮಂಕಾಗಿದ್ರೆ ಮೋಸ ಹೋಗ್ತೀವಿ. ಲ್ಯಾಕ್ಟೇಟ್ ಮೆಷಿನ್ ಇಲ್ಲದ ಆಸ್ಪತ್ರೇಲೂ ರಾತ್ರಿ ಡ್ಯೂಟಿ ಸಿಸ್ಟರ್ ಒಬ್ಬರೇ ಇದನ್ನ ಮಾಡಬಹುದು ಅನ್ನೋದೇ ನಂಗೆ ದೊಡ್ಡ ವಿಷಯ, ನಮ್ಮ ಪ್ರತಿ ತಾಲೂಕಲ್ಲೂ ಹೇಳಿಕೊಡಬೇಕು.

ಆದ್ರೆ ಬೆರಳು ನೋಡ್ತಾ ಆಂಟಿಬಯಾಟಿಕ್ ತಡ ಮಾಡೋ ಹಾಗಿಲ್ಲ, ಶಾಕ್ ಇದ್ರೆ ಅದು ಒಂದು ಗಂಟೆ ಒಳಗೇ ಹೋಗ್ಬೇಕು.

108ರಲ್ಲಿ ಕರ್ಕೊಂಡು ಬರೋ ಮನೆಯೋರಿಗೆ ಒಂದು ಮಾತು: ಊರಲ್ಲಿ ಎಷ್ಟು ಬಾಟ್ಲಿ ಏರಿತು, ಯಾವ ಇಂಜೆಕ್ಷನ್ ಆಯ್ತು, ಕೊನೇ ಸಲ ಮೂತ್ರ ಯಾವಾಗ ಹೋಗಿದ್ರು, ಇಷ್ಟು ಚೀಟಿಲಿ ಬರೆಸ್ಕೊಂಡು ಬನ್ನಿ, ಚೀಟಿ ಸಿಗದಿದ್ರೆ ಖಾಲಿ ಬಾಟ್ಲಿಗಳನ್ನೇ ತಂದು ತೋರಿಸಿ.